ಗೂಗಲ್ ಮ್ಯಾಪ್‌ಗೆ ಫೋಟೊ ಹಾಕಿದರೆ ದುಡ್ಡು ಬರುತ್ತದೆಯೇ? ಆನ್‌ಲೈನ್‌ನಲ್ಲಿ ಪುಕ್ಕಟೆ ದುಡಿಯುವವರಿಗೆ ಸಿಗುವುದೇನು, ಸಿಗದಿರುವುದೇನು

ಊರಿನ ಹೋಟೆಲ್, ದೇವಸ್ಥಾನ, ಅಂಗಡಿಗಳ ಫೋಟೊ ತೆಗೆದು ಗೂಗಲ್ ಮ್ಯಾಪ್‌ಗೆ ಹಾಕಿ, ಐದು ಸ್ಟಾರ್ ಕೊಡಿ, ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ ಸಂಪಾದಿಸಿ. ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ಕೆಲವು ಸಲ ಗುರುತಿಲ್ಲದ ನಂಬರಿನಿಂದ, ಕೆಲವು ಸಲ ಗುರುತಿರುವವರಿಂದಲೇ. ಗುಂಡ್ಲುಪೇಟೆ ಕಡೆಯವರಿಗೆ ಇದು ನಿಜವೆಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಊಟಿಗೆ, ವಯನಾಡಿಗೆ ಹೋಗುವ ಗಾಡಿಗಳೆಲ್ಲ ಹಾಯುವುದು ಇದೇ ಊರಿನ ಮೇಲೆ. ಮಳೆಗಾಲದಲ್ಲಿ ಹೆದ್ದಾರಿ ಪಕ್ಕದ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳಲು ಜನ ಸಾಲುಗಟ್ಟುತ್ತಾರೆ. ಅಷ್ಟೊಂದು ಫೋಟೊ ಮ್ಯಾಪ್‌ಗೆ ಹೋಗುತ್ತಿರುವಾಗ ಯಾರಿಗೋ ದುಡ್ಡು ಬರುತ್ತಿರಲೇಬೇಕು ಎಂದು ಲೆಕ್ಕ ಹಾಕುವುದು ಸಹಜ.

ನೇರ ಉತ್ತರ ಮೊದಲು ಹೇಳಿಬಿಡುತ್ತೇವೆ. ಫೋಟೊಗಾಗಲಿ, ರಿವ್ಯೂಗಾಗಲಿ ಗೂಗಲ್ ದುಡ್ಡು ಕೊಡುವುದಿಲ್ಲ. ರೇಟಿಂಗ್ ಕೊಟ್ಟರೆ ಹಣ ಕೊಡುತ್ತೇವೆ ಎನ್ನುವ ಸಂದೇಶ ವಂಚನೆಯ ಮೊದಲ ಮೆಟ್ಟಿಲು. ಆದರೆ ಅದರ ಹಿಂದೊಂದು ನಿಜವಾದ ಪ್ರಶ್ನೆಯಿದೆ. ಸಂಬಳವಿಲ್ಲದೆ ಲಕ್ಷಾಂತರ ಜನ ಮ್ಯಾಪ್ ತಿದ್ದುತ್ತಾರೆ, ವಿಕಿಪೀಡಿಯ ಬರೆಯುತ್ತಾರೆ, ಹಕ್ಕಿ ಎಣಿಸಿ ಕಳಿಸುತ್ತಾರೆ. ಯಾಕೆ? ಅವರಿಗೆ ಸಿಗುವುದಾದರೂ ಏನು?

ಪಾಯಿಂಟ್ ನಿಜ, ದುಡ್ಡು ಸುಳ್ಳು

ಗೂಗಲ್ ಮ್ಯಾಪ್‌ನಲ್ಲಿ ಲೋಕಲ್ ಗೈಡ್ಸ್ ಎಂಬ ವ್ಯವಸ್ಥೆಯಿದೆ. 2015ರಿಂದ ಈ ಹೆಸರಿನಲ್ಲಿ ನಡೆಯುತ್ತಿದೆ. ಗೂಗಲ್ ಪ್ರಕಟಿಸಿರುವ ಪಟ್ಟಿಯ ಪ್ರಕಾರ ಒಂದು ರಿವ್ಯೂ ಬರೆದರೆ 10 ಪಾಯಿಂಟ್, ಅದು 200 ಅಕ್ಷರ ದಾಟಿದರೆ ಇನ್ನೂ 10, ಒಂದು ಫೋಟೊಗೆ 5, ಮ್ಯಾಪ್‌ನಲ್ಲಿ ಇಲ್ಲದ ಜಾಗವನ್ನು ಸೇರಿಸಿದರೆ 15. ಬರೀ ಸ್ಟಾರ್ ಒತ್ತಿದರೆ 1. ಒಟ್ಟು 10 ಹಂತಗಳಿವೆ. 250 ಪಾಯಿಂಟ್ ಆದರೆ 4ನೇ ಹಂತ, ಆಗ ಹೆಸರಿನ ಪಕ್ಕ ಮೊದಲ ಬ್ಯಾಡ್ಜ್ ಕೂರುತ್ತದೆ. 10ನೇ ಹಂತಕ್ಕೆ 1 ಲಕ್ಷ ಪಾಯಿಂಟ್ ಬೇಕು. ಬರೀ ಫೋಟೊ ಹಾಕಿಯೇ ಅಲ್ಲಿಗೆ ಹೋಗುತ್ತೇವೆಂದರೆ 20,000 ಫೋಟೊ ಹಾಕಬೇಕು. ಅಷ್ಟು ಮಾಡಿದರೂ ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಬರುವುದಿಲ್ಲ. ಮೊದಮೊದಲು ಹೆಚ್ಚು ದುಡಿದವರಿಗೆ ಗೂಗಲ್ ಡ್ರೈವ್‌ನಲ್ಲಿ 1 ಟೆರಾಬೈಟ್ ಜಾಗ ಉಚಿತವಾಗಿ ಕೊಟ್ಟಿದ್ದುಂಟು. ಅದು ನಿಂತು ವರ್ಷಗಳಾದವು. ಗೂಗಲ್ ದುಡ್ಡು ಕೊಡುತ್ತದೆ ಎಂಬ ನಂಬಿಕೆಗೆ ಆ ಹಳೆಯ ಕೊಡುಗೆಯ ನೆನಪೂ ಒಂದು ಕಾರಣವಿರಬಹುದು.

ದುಡ್ಡಿಲ್ಲದ ಮಾತ್ರಕ್ಕೆ ಕೆಲಸ ಸಣ್ಣದೇನಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮೊದಲ ಸಲ ಹೊರಟವರಿಗೆ ಸ್ವಂತ ಕಾರು ಬೆಟ್ಟದ ಬುಡದಲ್ಲೇ ನಿಲ್ಲಬೇಕು, ಮೇಲೆ ಹೋಗಲು ಸಾರಿಗೆ ಸಂಸ್ಥೆಯ ಬಸ್ಸೇ ಗತಿ ಎಂದು ಗೊತ್ತಿರುವುದಿಲ್ಲ. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಸಂಚಾರವಿಲ್ಲ ಎನ್ನುವುದು ದೂರದಿಂದ ಬರುವ ಎಷ್ಟೋ ಜನರಿಗೆ ತಿಳಿಯುವುದು ಗೇಟಿನ ಮುಂದೆ ನಿಂತ ಮೇಲೆ. ವಯಸ್ಸಾದವರನ್ನು, ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿ ಒಂಬತ್ತೂಕಾಲಿಗೆ ಅಲ್ಲಿ ನಿಂತವರಿಗೆ, ಅದನ್ನು ಮೊದಲೇ ಹೇಳಿರುವ ಸ್ಥಳೀಯರೊಬ್ಬರ ನಾಲ್ಕು ಸಾಲಿನ ರಿವ್ಯೂ ಬೆಲೆ ಎಷ್ಟೆಂದು ಕೇಳಿ ನೋಡಿ. ಗೂಗಲ್ ಪಟ್ಟಿಯಲ್ಲಿ ಅದಕ್ಕೆ 20 ಪಾಯಿಂಟ್. ಗೋಪಾಲಸ್ವಾಮಿ ಬೆಟ್ಟದ ಅದೇ ಮಂಜಿನ ಫೋಟೊ ನಾಲ್ಕು ಹಾಕಿದವರಿಗೂ 20 ಪಾಯಿಂಟೇ.

ರೇಟಿಂಗ್ ಕೆಲಸ ಎಂಬ ಬಲೆ

ವಂಚನೆ ನಡೆಯುವ ಕ್ರಮ ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ. ಮೊದಲು ನಾಲ್ಕೈದು ಹೋಟೆಲ್‌ಗಳ ಲಿಂಕ್ ಕಳಿಸಿ ಐದು ಸ್ಟಾರ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸಿ ಎನ್ನುತ್ತಾರೆ. ನೂರೋ ಇನ್ನೂರೋ ರೂಪಾಯಿ ನಿಜವಾಗಿಯೂ ಬರುತ್ತದೆ. ನಂಬಿಕೆ ಹುಟ್ಟುವುದು ಅಲ್ಲೇ. ಆಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸುತ್ತಾರೆ. ಅಲ್ಲಿ ಹತ್ತಾರು ಮಂದಿ ತಮಗೆ ಇಷ್ಟು ಬಂತು, ಅಷ್ಟು ಬಂತು ಎಂದು ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಬಹುತೇಕ ಅವರೆಲ್ಲ ವಂಚಕರ ಕಡೆಯವರೇ. ಮುಂದಿನ ಟಾಸ್ಕ್ ಮಾಡಬೇಕಾದರೆ ಮೊದಲು ನೀವು ಹಣ ಕಟ್ಟಬೇಕು. ಒಂದು ಸಾವಿರ ಕಟ್ಟಿದರೆ ಸಾವಿರದ ಮುನ್ನೂರು ವಾಪಸ್ ಬರುತ್ತದೆ. ಐದು ಸಾವಿರ ಕಟ್ಟಿದಾಗ ಪರದೆಯ ಮೇಲೆ ಲಾಭ ಕಾಣುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಇನ್ನೊಂದು ಕಂತು, ನಂತರ ತೆರಿಗೆ, ನಂತರ ದಂಡ. ಹೀಗೆ ಕಟ್ಟುತ್ತಾ ಹೋದವರು ಸಾಲ ಮಾಡಿದ್ದಾರೆ, ಒಡವೆ ಅಡವಿಟ್ಟಿದ್ದಾರೆ.

ಇನ್ನೊಂದು ಅಪಾಯ ಹೆಚ್ಚು ಜನರಿಗೆ ಗೊತ್ತಿಲ್ಲ. ಮೊದಲು ನಿಮಗೆ ಬಂದ ಆ ಇನ್ನೂರು ರೂಪಾಯಿ ಬೇರೆ ಯಾರೋ ಮೋಸಹೋದವರ ಹಣವಾಗಿರಬಹುದು. ಅವರು ದೂರು ಕೊಟ್ಟರೆ ಹಣ ಹೋದ ದಾರಿ ಹಿಡಿದು ಬರುವ ಪೊಲೀಸರು ನಿಮ್ಮ ಖಾತೆಯನ್ನೂ ತಡೆಹಿಡಿಯಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಯಬೇಕಾದ್ದರಿಂದ ಇಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದು ಆಮೇಲೆ ಮನೆಯವರಿಗೆ ಹೇಳುವವರೇ ಹೆಚ್ಚು.

ಹಣ ಪಡೆದು ರಿವ್ಯೂ ಬರೆಯುವುದು ಗೂಗಲ್ ನಿಯಮಕ್ಕೂ ವಿರುದ್ಧ. ಆನ್‌ಲೈನ್ ರಿವ್ಯೂ ಹೇಗಿರಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಒಂದು ಮಾನದಂಡವನ್ನೇ ಹೊರತಂದಿತು. ಕೊಂಡ ಹೊಗಳಿಕೆ ಅದಕ್ಕೂ ಒಗ್ಗುವುದಿಲ್ಲ.

ದುಡ್ಡಿಲ್ಲದೆ ಜನ ಯಾಕೆ ದುಡಿಯುತ್ತಾರೆ?

ವಿಕಿಪೀಡಿಯ 2001ರ ಜನವರಿಯಲ್ಲಿ ಶುರುವಾಯಿತು, ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ. ಅಲ್ಲಿ ಬರೆಯುವವರಿಗೆ ಸಂಬಳವಿಲ್ಲ. ಯಾರಾದರೂ ಹಣ ಪಡೆದು ಬರೆದರೆ ಅದನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕೆಂಬ ನಿಯಮ 2014ರಿಂದ ಇದೆ. ಹಾಗಾದರೆ ಒಳ್ಳೆಯ ಕೆಲಸ ಮಾಡಿದವರಿಗೆ ಸಿಗುವುದೇನು? ಬಾರ್ನ್‌ಸ್ಟಾರ್ ಎಂಬ ಒಂದು ನಕ್ಷತ್ರದ ಚಿತ್ರ. ಅಮೆರಿಕದ ಹಳ್ಳಿಗಳಲ್ಲಿ ಕೊಟ್ಟಿಗೆಯ ಗೋಡೆಗೆ ಅಲಂಕಾರಕ್ಕೆ ಬಡಿಯುವ ನಕ್ಷತ್ರದಿಂದ ಬಂದ ಹೆಸರು. 2003ರ ಕೊನೆಯಿಂದ ವಿಕಿಪೀಡಿಯದಲ್ಲಿ ಬಳಕೆಯಲ್ಲಿದೆ. ಇದನ್ನು ಕೊಡಲು ಸಮಿತಿ ಬೇಕಿಲ್ಲ, ಸಮಾರಂಭ ಬೇಕಿಲ್ಲ, ಶಾಲು ಹಾರ ಬೇಕಿಲ್ಲ. ಒಬ್ಬರ ಕೆಲಸ ಇನ್ನೊಬ್ಬರಿಗೆ ಮೆಚ್ಚಿಗೆಯಾದರೆ ಅವರ ಚರ್ಚೆ ಪುಟಕ್ಕೆ ಹೋಗಿ ಅಂಟಿಸಿ, ಯಾಕೆ ಕೊಟ್ಟೆವೆಂದು ಎರಡು ಸಾಲು ಬರೆಯುವುದು. 2013ರಲ್ಲಿ ಇದಕ್ಕಿಂತಲೂ ಚಿಕ್ಕದಾದ ಒಂದು ಧನ್ಯವಾದದ ಗುಂಡಿ ಬಂತು.

ಇಷ್ಟಕ್ಕೆ ಯಾರಾದರೂ ಹೆಚ್ಚು ಕೆಲಸ ಮಾಡುತ್ತಾರೆಯೇ? ರೆಸ್ಟಿವೊ ಮತ್ತು ವಾನ್ ಡಿ ರೈಟ್ ಎಂಬ ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿಯೇ ನೋಡಿದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅತಿ ಹೆಚ್ಚು ದುಡಿಯುವ ಶೇ 1ರಷ್ಟು ಸಂಪಾದಕರ ಪೈಕಿ 200 ಮಂದಿಯನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಜನರಿಗೆ ಮಾತ್ರ ಬಾರ್ನ್‌ಸ್ಟಾರ್ ಕೊಟ್ಟರು. ಮುಂದಿನ 90 ದಿನಗಳಲ್ಲಿ ಪಡೆದವರ ಕೆಲಸ ಪಡೆಯದವರಿಗಿಂತ ಶೇ 60ರಷ್ಟು ಹೆಚ್ಚಿತ್ತು. 2012ರಲ್ಲಿ ಇದು ಪ್ರಕಟವಾಯಿತು. ಬರೀ ಒಂದು ಚಿತ್ರ, ಖರ್ಚು ಸೊನ್ನೆ.

ಇಷ್ಟಕ್ಕೇ ಓದು ನಿಲ್ಲಿಸಿದರೆ ಇದೂ ಒಂದು ಫಾರ್ವರ್ಡ್ ಆಗಿಬಿಡುತ್ತದೆ: ಹೊಗಳಿ, ಕೆಲಸ ಆಗುತ್ತದೆ! ಅದೇ ಸಂಶೋಧಕರು 2014ರಲ್ಲಿ ಇನ್ನಷ್ಟು ಜನರ ಮೇಲೆ ನೋಡಿದಾಗ ಚಿತ್ರ ಬದಲಾಯಿತು. ಮೊದಲೇ ತುಂಬಾ ದುಡಿಯುತ್ತಿದ್ದವರ ಮೇಲೆ ಮಾತ್ರ ಪರಿಣಾಮವಾಗಿತ್ತು. ಅಷ್ಟಾಗಿ ದುಡಿಯದವರಿಗೆ ಪ್ರಶಸ್ತಿ ಕೊಟ್ಟರೂ ಕೆಲಸ ಏರಲಿಲ್ಲ. ಮಾಡದ ಕೆಲಸಕ್ಕೆ ಸನ್ಮಾನವಾದರೆ ಅದು ಸನ್ಮಾನ ಅನ್ನಿಸಿಕೊಳ್ಳುವುದಿಲ್ಲವೇನೋ. 2020ರಲ್ಲಿ ಕೊರೊನಾ ವಾರಿಯರ್ ಎಂಬ ಪಿಡಿಎಫ್ ಪ್ರಮಾಣಪತ್ರಗಳು ಹೇಗೆ ಹಂಚಿಕೆಯಾದವೆಂದು ನೆನಪಿದೆಯಲ್ಲ? ಹೆಸರು, ಊರು ತುಂಬಿದವರಿಗೆಲ್ಲ ಸಿಗುತ್ತಿತ್ತು. ನಿಜವಾಗಿ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರ ಕೈಯಲ್ಲೂ ಅದೇ, ಸೋಫಾದ ಮೇಲಿಂದ ಅರ್ಜಿ ತುಂಬಿದವರ ಕೈಯಲ್ಲೂ ಅದೇ.

ಹೊಸಬರ ವಿಷಯವೇ ಬೇರೆ. ಯಾನಾ ಗಾಲುಸ್ ಎಂಬ ಸಂಶೋಧಕಿ ಜರ್ಮನ್ ವಿಕಿಪೀಡಿಯದಲ್ಲಿ ಸುಮಾರು 4,000 ಹೊಸ ಸಂಪಾದಕರ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಒಂದು ಹೂವಿನ ಚಿತ್ರದ ಗೌರವ ಕೊಟ್ಟು ಅವರ ಹೆಸರನ್ನು ಪಟ್ಟಿಯಲ್ಲಿ ಹಾಕಲಾಯಿತು. ಮುಂದಿನ ತಿಂಗಳು ಬರೆಯುವುದನ್ನು ಮುಂದುವರಿಸಿದವರ ಪ್ರಮಾಣ ಶೇ 20ರಷ್ಟು ಏರಿತು. ಒಂದು ವರ್ಷದ ತನಕ ಪರಿಣಾಮ ಕಾಣುತ್ತಲೇ ಇತ್ತು. ಹೊಸಬರಿಗೆ ಬೇಕಿದ್ದುದು ಬಹುಮಾನಕ್ಕಿಂತ ತಾವು ಮಾಡಿದ್ದನ್ನು ಇಲ್ಲಿ ಯಾರೋ ನೋಡಿದರು ಎಂಬ ಸುಳಿವು ಎಂದು ನಮಗನ್ನಿಸುತ್ತದೆ.

ದುಡ್ಡು ಕೊಟ್ಟರೆ ಇನ್ನೂ ಚೆನ್ನಾಗಿ ಆಗುವುದಿಲ್ಲವೇ ಎಂದು ಕೇಳಬಹುದು. ಇದಕ್ಕೆ ರಕ್ತದಾನದ ಉದಾಹರಣೆ ಹಳೆಯದು. ದುಡ್ಡು ಕೊಟ್ಟು ರಕ್ತ ಪಡೆದರೆ ದಾನದ ಭಾವ ಕೆಡುತ್ತದೆ, ರಕ್ತದ ಗುಣಮಟ್ಟವೂ ಕೆಡುತ್ತದೆ ಎಂದು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲೇ ವಾದಿಸಿದ್ದರು. ಸ್ವೀಡನ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಣದ ಮಾತು ಎತ್ತಿದ ಕೂಡಲೇ ರಕ್ತದಾನಿಗಳಾಗಲು ಮುಂದೆ ಬರುವ ಹೆಂಗಸರ ಪ್ರಮಾಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಆ ಹಣವನ್ನು ಧರ್ಮಕಾರ್ಯಕ್ಕೆ ಕೊಡಬಹುದು ಎಂದಾಗ ಮತ್ತೆ ಮೊದಲಿನಂತಾಯಿತು. ಗಂಡಸರಲ್ಲಿ ಇಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಭಾರತದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಂತಿದೆ. ಗುಂಡ್ಲುಪೇಟೆಯ ಶಿಬಿರದಲ್ಲಾದರೂ ಅಷ್ಟೇ, ಬೆಂಗಳೂರಿನ ಶಿಬಿರದಲ್ಲಾದರೂ ಅಷ್ಟೇ, ಸಿಗುವುದು ಜ್ಯೂಸು, ಬಿಸ್ಕತ್ತು, ಒಂದು ಪ್ರಮಾಣಪತ್ರ. ಹಾಗೆಂದು ಉಡುಗೊರೆಯೇ ಕೂಡದು ಅಂತಲೂ ಅಲ್ಲ. ಬೇರೆ ಬೇರೆ ದೇಶಗಳ ರಕ್ತದಾನ ಶಿಬಿರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ, ಸಣ್ಣಪುಟ್ಟ ಉಡುಗೊರೆ ಇಟ್ಟ ಹೆಚ್ಚಿನ ಕಡೆ ದಾನಿಗಳು ಹೆಚ್ಚೇ ಬಂದಿದ್ದರು. ಏನು ಕೊಡುತ್ತೇವೆ ಎಂಬಷ್ಟೇ ಮುಖ್ಯ, ಹೇಗೆ ಕೊಡುತ್ತೇವೆ ಎಂಬುದು.

ಎಣಿಸಲು ಹೊರಟರೆ

ಕೆಲಸವನ್ನು ಎಣಿಸತೊಡಗಿದ ಕೂಡಲೇ ಜನ ಕೆಲಸ ಬಿಟ್ಟು ಎಣಿಕೆಯ ಹಿಂದೆ ಬೀಳುತ್ತಾರೆ. ಸಾಫ್ಟ್‌ವೇರ್ ಬರೆಯುವವರು ಒಬ್ಬರ ಪ್ರಶ್ನೆಗೆ ಒಬ್ಬರು ಉತ್ತರ ಹೇಳುವ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣ 2008ರಿಂದ ಇದೆ. ಅಲ್ಲಿನ ಬ್ಯಾಡ್ಜ್‌ಗಳ ಮೇಲೆ 2013ರಲ್ಲಿ ಬಂದ ಅಧ್ಯಯನ ಒಂದು ತಮಾಷೆಯ ಸಂಗತಿ ತೋರಿಸಿತು. ಒಂದು ಬ್ಯಾಡ್ಜ್ ಹತ್ತಿರವಾಗುತ್ತಿದ್ದಂತೆ ಜನ ಅದಕ್ಕೆ ಬೇಕಾದ ಕೆಲಸವನ್ನೇ ಹೆಚ್ಚು ಹೆಚ್ಚು ಮಾಡುತ್ತಾರೆ. ಸಿಕ್ಕಿದ ಮರುಗಳಿಗೆಯಿಂದ ಆ ಕೆಲಸ ಇಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮುಚ್ಚಿದ ಹಾಗೆ.

2018ರಲ್ಲಿ ಗೂಗಲ್ ಮತ್ತು ವಿಕಿಮೀಡಿಯ ಪ್ರತಿಷ್ಠಾನ ಸೇರಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗಾಗಿ ಒಂದು ಲೇಖನ ಸ್ಪರ್ಧೆ ನಡೆಸಿದವು. ಅದರ ಹೆಸರು ಪ್ರಾಜೆಕ್ಟ್ ಟೈಗರ್. ಬಂಡೀಪುರದವರಿಗೆ ಈ ಹೆಸರು ಕೇಳಿದರೆ 1973ರ ಹುಲಿ ಯೋಜನೆಯೇ ನೆನಪಾಗುವುದು. ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಆ ಹೆಸರನ್ನೇ ನೆನಪಿಸುವಂತೆ ಇಟ್ಟ ಸ್ಪರ್ಧೆಯಿದು. ಉತ್ಸಾಹವಿದ್ದೂ ಸಲಕರಣೆ ಇಲ್ಲದ ಸಂಪಾದಕರಿಗೆ ಲ್ಯಾಪ್‌ಟಾಪ್, ಇಂಟರ್ನೆಟ್ ಖರ್ಚು ಕೊಟ್ಟರು. ಹೆಚ್ಚು ಲೇಖನ ಬರೆದವರಿಗೆ ಬಹುಮಾನವಿತ್ತು. ನಮ್ಮ ದೃಷ್ಟಿಯಲ್ಲಿ ಇವೆರಡೂ ಒಂದೇ ಬಗೆಯವಲ್ಲ. ಲ್ಯಾಪ್‌ಟಾಪ್ ಕೊಟ್ಟಿದ್ದು ನೇಗಿಲು ಕೊಟ್ಟ ಹಾಗೆ, ಕೆಲಸ ಮಾಡಲು ಅಡ್ಡಿಯಾಗಿದ್ದುದನ್ನು ತೆಗೆಯಿತು. ಲೇಖನಗಳ ಲೆಕ್ಕಕ್ಕೆ ಕೊಡುವ ಬಹುಮಾನ ಮಾತ್ರ ಅವಸರ ಹುಟ್ಟಿಸುತ್ತದೆ. ಅದಕ್ಕೇ ಕನಿಷ್ಠ ಗಾತ್ರದ ನಿಯಮ ಇಟ್ಟು, ತೀರ್ಪುಗಾರರನ್ನು ನೇಮಿಸಬೇಕಾಯಿತು. ಆ ತೀರ್ಪುಗಾರರೂ ಸ್ವಯಂಸೇವಕರೇ.

ಬೆಟ್ಟದ ಹಕ್ಕಿ ಯಾರ ಖಾತೆಗೆ?

ಬಿಳಿಗಿರಿರಂಗನ ಬೆಟ್ಟಕ್ಕೂ ಬಂಡೀಪುರಕ್ಕೂ ಬರುವ ಪಕ್ಷಿವೀಕ್ಷಕರ ಫೋನಿನಲ್ಲಿ ಇ-ಬರ್ಡ್ ಎಂಬ ಆ್ಯಪ್ ಇರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ್ದು. ಎಲ್ಲಿ, ಎಷ್ಟು ಹೊತ್ತು, ಎಷ್ಟು ದೂರ ನಡೆದೆವು, ಯಾವ ಹಕ್ಕಿ ಎಷ್ಟು ಕಂಡವು ಎಂದು ಪಟ್ಟಿ ಮಾಡಿ ಕಳಿಸುತ್ತಾರೆ. ಇದನ್ನು ಹವ್ಯಾಸ ಎಂದು ತಳ್ಳಿಹಾಕುವಂತಿಲ್ಲ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಹೇಳಿದ್ದು 30,000ಕ್ಕೂ ಹೆಚ್ಚು ವೀಕ್ಷಕರು ಕಳಿಸಿದ ಸುಮಾರು 3 ಕೋಟಿ ದಾಖಲೆಗಳ ಆಧಾರದ ಮೇಲೆ. ಅಷ್ಟೂ ಜನರಿಗೆ ಸಂಬಳ ಕೊಟ್ಟು ಇದನ್ನು ಮಾಡಿಸುವ ಶಕ್ತಿ ಯಾವ ಇಲಾಖೆಗಿದೆ?

ಇಲ್ಲಿಯೂ ಪೈಪೋಟಿಯಿದೆ. ಯಾರು ಎಷ್ಟು ಜಾತಿ ನೋಡಿದರು ಎಂಬ ಪಟ್ಟಿ ಜಿಲ್ಲಾವಾರು ಸಿಗುತ್ತದೆ. ಪಟ್ಟಿಯ ಹಿಂದೆ ಬಿದ್ದವರು ಅಪರೂಪದ ಹಕ್ಕಿ ಹುಡುಕುತ್ತಾರೆ, ಕಾಗೆ, ಗುಬ್ಬಿ, ಮೈನಾ ಬರೆಯುವುದೇ ಇಲ್ಲ. ಆದರೆ ಹಕ್ಕಿಗಳು ಕಡಿಮೆಯಾಗುತ್ತಿವೆಯೇ ಎಂದು ತಿಳಿಯಲು ಬೇಕಾದ್ದು ಆ ಸಾಮಾನ್ಯ ಹಕ್ಕಿಗಳ ಲೆಕ್ಕವೇ. ಆದ್ದರಿಂದ ಕಂಡದ್ದನ್ನೆಲ್ಲ ಬರೆದ ಪೂರ್ಣ ಪಟ್ಟಿಗೆ ಇ-ಬರ್ಡ್ ಹೆಚ್ಚು ಬೆಲೆ ಕೊಡುತ್ತದೆ. ಅದರ ತಿಂಗಳ ಬಹುಮಾನದ ರೀತಿ ನಮಗೆ ಬಹಳ ಹಿಡಿಸಿತು. ಇಂತಿಷ್ಟು ಪೂರ್ಣ ಪಟ್ಟಿ ಕಳಿಸಿದವರೆಲ್ಲರ ಹೆಸರಿನಲ್ಲಿ ಚೀಟಿ ಎತ್ತಿ ಒಬ್ಬರಿಗೆ ಬೈನಾಕ್ಯುಲರ್ ಕೊಡುತ್ತಾರೆ. ಹೆಚ್ಚು ಕಳಿಸಿದವರೇ ಗೆಲ್ಲಬೇಕೆಂದಿಲ್ಲ. ಹಾಗಾಗಿ ಸುಳ್ಳು ಪಟ್ಟಿ ತುಂಬುವ ಚಪಲವೂ ಕಡಿಮೆ. ಪಟ್ಟಿಯಲ್ಲಿ ಅನುಮಾನದ ಹೆಸರು ಕಂಡರೆ ಪತ್ರ ಬರೆದು ಕೇಳುವ ಪರಿಶೀಲಕರೂ ಬಹುಪಾಲು ಸ್ವಯಂಸೇವಕರು. ಅವರ ಹೆಸರು ಯಾವ ಪಟ್ಟಿಯ ತುದಿಯಲ್ಲೂ ಇರುವುದಿಲ್ಲ.

ಇನ್ನೊಂದು ಪ್ರಶ್ನೆ ಕಾಡುತ್ತದೆ. ಬೆಟ್ಟದಲ್ಲಿ ಎಷ್ಟೋ ಸಲ ಹಕ್ಕಿಯ ದನಿ ಮೊದಲು ಹಿಡಿಯುವುದು ಜೊತೆಗೆ ಬಂದ ಸೋಲಿಗರ ಕಿವಿ. ಯಾವ ಮರ, ಯಾವ ಕೊಂಬೆ ಎಂದು ಬೆರಳು ತೋರಿಸುವುದು ಅವರೇ. ತಲೆಮಾರುಗಳಿಂದ ಬಂದ ತಿಳಿವಳಿಕೆ ಅದು. ಪಟ್ಟಿ ಮಾತ್ರ ಹೋಗುವುದು ಫೋನ್ ಇದ್ದವರ ಖಾತೆಯಿಂದ. ಜೊತೆಗಿದ್ದವರೊಂದಿಗೆ ಪಟ್ಟಿ ಹಂಚಿಕೊಳ್ಳುವ ಸೌಲಭ್ಯ ಇ-ಬರ್ಡ್‌ನಲ್ಲಿದೆ, ಆದರೆ ಅವರಿಗೂ ಖಾತೆ ಇರಬೇಕು. ನೆಟ್‌ವರ್ಕೇ ಸರಿಯಾಗಿ ಸಿಗದ ಪೋಡಿನಲ್ಲಿರುವವರಿಗೆ ಅದು ದೂರದ ಮಾತು. ಇದು ಆ್ಯಪ್ ಬಂದ ಮೇಲೆ ಹುಟ್ಟಿದ ಕಾಯಿಲೆಯೇನೂ ಅಲ್ಲ. ನಮ್ಮ ಹಳೆಯ ಶಾಸನಗಳನ್ನೇ ನೋಡಿ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಮಣ್ಣು ಹೊತ್ತವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬೆಳಕೇ ಬಾರದಷ್ಟು ದಪ್ಪ ಅಕ್ಷರದಲ್ಲಿ ಇರುತ್ತದೆ, ದಿನಾ ಗುಡಿಸುವವರ ಹೆಸರು ಎಲ್ಲಿದೆ?

ನಂಬರ್ ಅಳಿಸಿದವರು

2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, 24 ರೋಗಿಗಳು ತೀರಿಕೊಂಡ ಸುದ್ದಿ ಇಡೀ ದೇಶಕ್ಕೆ ತಿಳಿಯಿತು. ಆ ವಾರಗಳಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಬಗೆಯ ಸಂದೇಶ: ಆಕ್ಸಿಜನ್ ಸಿಲಿಂಡರ್ ಬೇಕಾದರೆ ಈ ನಂಬರ್, ಬೆಡ್ ಬೇಕಾದರೆ ಆ ನಂಬರ್. ಅದರಲ್ಲಿ ಎಷ್ಟೋ ನಂಬರ್ ಸ್ವಿಚ್ ಆಫ್, ಎಷ್ಟೋ ಬೇರೆ ರಾಜ್ಯದವು, ಎಷ್ಟೋ ವಾರದ ಹಿಂದೆಯೇ ಸ್ಟಾಕ್ ಮುಗಿದವು. ಉಸಿರಿಗೆ ಒದ್ದಾಡುತ್ತಿರುವ ಅಪ್ಪನನ್ನು ಪಕ್ಕದಲ್ಲಿಟ್ಟುಕೊಂಡು ಮಗ ಸತ್ತ ನಂಬರ್‌ಗಳಿಗೆ ಒಂದೊಂದಾಗಿ ಕರೆ ಮಾಡುತ್ತಾ ಕೂರುವುದೆಂದರೆ ಏನು ಎಂದು ಆ ದಿನಗಳನ್ನು ಕಂಡವರಿಗೆ ಹೇಳಬೇಕಿಲ್ಲ.

ಅದೇ ಹೊತ್ತಿನಲ್ಲಿ ದೇಶದ ಹಲವು ಕಡೆ ಯುವಕ ಯುವತಿಯರ ಸಣ್ಣ ಗುಂಪುಗಳು ಇನ್ನೊಂದು ಕೆಲಸ ಮಾಡಿದವು. ಪಟ್ಟಿಯ ಪ್ರತಿ ನಂಬರಿಗೂ ಕರೆ ಮಾಡಿ, ಸಿಕ್ಕರೆ ಸಮಯ ಬರೆದು 'ಪರಿಶೀಲಿಸಿದೆ' ಎಂದು ಗುರುತು ಹಾಕುವುದು, ಸಿಗದಿದ್ದರೆ ಅಳಿಸುವುದು. ಎರಡು ಗಂಟೆ ಬಿಟ್ಟು ಮತ್ತೆ ಕರೆ. ಇಡೀ ದಿನ ದುಡಿದರೆ ಕೊನೆಗೆ ಉಳಿಯುತ್ತಿದ್ದುದು ಮೊದಲಿಗಿಂತ ಚಿಕ್ಕ ಪಟ್ಟಿ. 200 ನಂಬರಿನ ಪಟ್ಟಿ ಫಾರ್ವರ್ಡ್ ಮಾಡಿದವರಿಗೆ ಗ್ರೂಪಿನಲ್ಲಿ 'ಥ್ಯಾಂಕ್ಸ್ ಕಣಣ್ಣ' ಬರುತ್ತಿತ್ತು. ಅದರಲ್ಲಿ 190 ಅಳಿಸಿದವರಿಗೆ ಯಾರು ಏನು ಹೇಳಿದರು? ಸೇರಿಸಿದ್ದು ಕಣ್ಣಿಗೆ ಕಾಣುತ್ತದೆ, ತೆಗೆದದ್ದು ಕಾಣುವುದಿಲ್ಲ. ಪಾಯಿಂಟ್ ಕೊಡುವ ಎಲ್ಲ ವ್ಯವಸ್ಥೆಗಳೂ ಮುಗ್ಗರಿಸುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ಇದನ್ನು ಸರಿಮಾಡಲು ಹೊರಟ ಒಂದು ಪ್ರಯತ್ನ ಎಕ್ಸ್ ತಾಣದ ಕಮ್ಯುನಿಟಿ ನೋಟ್ಸ್. 2021ರ ಜನವರಿಯಲ್ಲಿ ಬರ್ಡ್‌ವಾಚ್ ಎಂಬ ಹೆಸರಿನಲ್ಲಿ ಶುರುವಾಗಿ, 2024ರಲ್ಲಿ ಭಾರತದ ಬಳಕೆದಾರರಿಗೂ ತೆರೆಯಿತು. ದಾರಿ ತಪ್ಪಿಸುವ ಪೋಸ್ಟ್‌ನ ಕೆಳಗೆ ಬಳಕೆದಾರರೇ ಸ್ಪಷ್ಟನೆ ಬರೆಯುತ್ತಾರೆ. ಅಲ್ಲಿ ಸೇರಿದ ಕೂಡಲೇ ಬರೆಯಲು ಬಿಡುವುದಿಲ್ಲ. ಮೊದಲು ಬೇರೆಯವರ ಟಿಪ್ಪಣಿಗಳನ್ನು ಓದಿ ಉಪಯುಕ್ತವೋ ಅಲ್ಲವೋ ಎಂದು ಗುರುತಿಸಬೇಕು. ಆ ಗುರುತಿಸುವಿಕೆ ಸರಿಯಾಗಿದೆ ಎಂದು ಸಾಬೀತಾದ ಮೇಲಷ್ಟೇ ಬರೆಯುವ ಹಕ್ಕು. ಬರೆದದ್ದು ಪದೇ ಪದೇ ತಿರಸ್ಕೃತವಾದರೆ ಆ ಹಕ್ಕು ಹೋಗುತ್ತದೆ. ಟಿಪ್ಪಣಿ ಎಲ್ಲರಿಗೂ ಕಾಣಬೇಕಾದರೆ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದ ಜನರೂ ಇದನ್ನು ಮಾತ್ರ ಒಪ್ಪಿರಬೇಕು. ಬರೆದವರ ನಿಜ ಹೆಸರು ಹೊರಗೆ ಕಾಣುವುದಿಲ್ಲ. ಓದಲು ಸೊಗಸಾದ ವಿನ್ಯಾಸ. ಆದರೆ ಒಪ್ಪಿಗೆಗೆ ಕಾಯುವಷ್ಟರಲ್ಲಿ ಸುಳ್ಳು ಊರು ಸುತ್ತಿ ಬಂದಿರುತ್ತದೆ, ಎಷ್ಟೋ ಒಳ್ಳೆಯ ಟಿಪ್ಪಣಿಗಳು ಯಾರಿಗೂ ಕಾಣದೆ ಉಳಿಯುತ್ತವೆ.

ನಮ್ಮ ನಿಮ್ಮ ಗ್ರೂಪಿನಲ್ಲಿ

ವಾಟ್ಸ್‌ಆ್ಯಪ್‌ನಲ್ಲಿ ಪಾಯಿಂಟೂ ಇಲ್ಲ, ಬ್ಯಾಡ್ಜೂ ಇಲ್ಲ. ಆದರೂ ಬಹುಮಾನವಿದೆ. ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹಾಕಿದವರಿಗೆ ಹೆಬ್ಬೆರಳು, ಕೈಮುಗಿಯುವ ಎಮೋಜಿ. ಅದು ಸುಳ್ಳು ಎಂದು ಹೇಳಿದವರಿಗೆ ಮೌನ, ಇಲ್ಲವೇ 'ನೀವು ದೊಡ್ಡ ಮೇಧಾವಿ ಬಿಡಿ' ಎಂಬ ಕೊಂಕು. ಅದರಲ್ಲೂ ಸುಳ್ಳು ಹಾಕಿದವರು ವಯಸ್ಸಿನಲ್ಲಿ ದೊಡ್ಡವರಾಗಿದ್ದರೆ, ನೆಂಟರಾಗಿದ್ದರೆ, ತಿದ್ದುವುದು ಇನ್ನೂ ಕಷ್ಟ. ಕಂಪನಿ ತನ್ನ ಕಡೆಯಿಂದ ಕೆಲವು ಬೇಲಿ ಹಾಕಿದೆ. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಬಂತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು ಎಂದಾಯಿತು. ಅದಾದ ಮೇಲೆ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ತಗ್ಗಿತು ಎಂದು ಕಂಪನಿ ಹೇಳಿಕೊಂಡಿತು. ಬೇಲಿ ಫಾರ್ವರ್ಡಿನ ಓಟವನ್ನು ತಗ್ಗಿಸಿತು, ತಿದ್ದಿದವರಿಗೆ ಮಾತ್ರ ಏನೂ ಕೊಡಲಿಲ್ಲ. ಅದು ಗ್ರೂಪಿನವರೇ ಕೊಡಬೇಕಾದ್ದು.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ರಕ್ತದ ಗ್ರೂಪುಗಳನ್ನೇ ತೆಗೆದುಕೊಳ್ಳಿ. 'ತುರ್ತಾಗಿ ಓ ನೆಗೆಟಿವ್ ಬೇಕು' ಎಂಬ ಸಂದೇಶ ರಕ್ತ ಸಿಕ್ಕ ಮೇಲೂ ತಿಂಗಳುಗಟ್ಟಲೆ ಸುತ್ತುತ್ತದೆ. ಹಾಕುವಾಗಲೇ ದಿನಾಂಕ, ಗಂಟೆ, ಆಸ್ಪತ್ರೆ ಬರೆಯುವುದು, ರಕ್ತ ಸಿಕ್ಕ ಕೂಡಲೇ 'ಸಿಕ್ಕಿದೆ, ಇನ್ನು ಕಳಿಸಬೇಡಿ' ಎಂದು ಅದೇ ಸಂದೇಶಕ್ಕೆ ಉತ್ತರವಾಗಿ ಹಾಕುವುದು, ಕರೆ ಮಾಡಿ ಖಚಿತಪಡಿಸಿಕೊಂಡವರು ಯಾರೆಂದು ಗ್ರೂಪಿನಲ್ಲೇ ಹೇಳುವುದು. ಅಡ್ಮಿನ್ ಆದವರು 'ಇದು ಹಳೆಯದೆಂದು ಇಂಥವರು ಫೋನ್ ಮಾಡಿ ತಿಳಿಸಿದರು' ಎಂದು ಹೆಸರು ಹಿಡಿದು ಬರೆದರೆ ಒಂದು ನಿಮಿಷದ ಕೆಲಸ. ವಿಕಿಪೀಡಿಯದ ನಕ್ಷತ್ರದಂತೆ ಇದಕ್ಕೂ ಖರ್ಚಿಲ್ಲ, ಏನು ಮಾಡಿದ್ದಕ್ಕೆ ಎಂಬ ಕಾರಣ ಮಾತ್ರ ಜೊತೆಗಿರಬೇಕು. ಹೆಸರು ಹೇಳುವ ಮುಂಚೆ ಅವರನ್ನು ಕೇಳಿ. ಎಷ್ಟೋ ಜನಕ್ಕೆ ಸಹಾಯ ಮಾಡಲು ಇಷ್ಟ, ಹೆಸರು ಬರುವುದು ಇಷ್ಟವಿಲ್ಲ. ದಾನಿಗಳ ಫೋನ್ ನಂಬರಂತೂ ಅವರ ಒಪ್ಪಿಗೆಯಿಲ್ಲದೆ ಬೇರೆ ಗ್ರೂಪಿಗೆ ಹೋಗಬಾರದು.

ಮ್ಯಾಪ್‌ನಲ್ಲೂ ಹಾಗೆಯೇ. ಗುಂಡ್ಲುಪೇಟೆಯ ಒಂದು ಅಂಗಡಿ ಮುಚ್ಚಿ ಎರಡು ವರ್ಷವಾಗಿದ್ದರೂ ಮ್ಯಾಪ್‌ನಲ್ಲಿ ತೆರೆದೇ ಇದ್ದರೆ, ಆ ಅಂಗಡಿಯ ಹೆಸರಿನ ಮೇಲೆ ಒತ್ತಿ, ತಿದ್ದುಪಡಿ ಸೂಚಿಸುವ ಜಾಗಕ್ಕೆ ಹೋಗಿ, ಶಾಶ್ವತವಾಗಿ ಮುಚ್ಚಿದೆ ಎಂದು ಗುರುತು ಹಾಕಬಹುದು. ಸ್ವೀಕಾರವಾದರೆ ಅದಕ್ಕೂ ಪಾಯಿಂಟ್ ಇದೆ, 5.